ನಮ್ಮ ವಂಶದ ನಿದ್ದೆ

ನಾನು ಸೋಮಾರಿಯಲ್ಲ. ಇದನ್ನು ವಿಜ್ಞಾನದ ಮೂಲಕವೇ ಸಾಬೀತು ಮಾಡುತ್ತೇನೆಂದು ಶಪಥ ಮಾಡಿದ ದಿನ ನನ್ನಷ್ಟು ಧೈರ್ಯವಂತ ಇಡೀ ಮಿಯಾಪುರದಲ್ಲಿ ಇರಲಿಲ್ಲ.

ಕೂತಲ್ಲೇ ನಿದ್ದೆ ಹೋಗುವುದು ನನ್ನ ಸ್ವಭಾವ. ಈ ತೆಲುಗು ಊರಿನ ಮೆಟ್ರೋದಲ್ಲಿ ಮಲಗಿದರೂ ನಮ್ಮ ಸ್ಟೇಷನ್ ದಾಟಿ ಹೋಗಬಾರದೆಂದೇ ಕೊನೆಯ ಸ್ಟೇಷನ್ನಿನ ಹತ್ತಿರ ಮನೆ ಮಾಡಿದವನು ನಾನು. ಅಲ್ಲಿಯವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಮಗಳು ಪಲ್ಲವಿಯ ನಿಶ್ಚಿತಾರ್ಥದಲ್ಲಿ ಭಟ್ಟರು ಲಗ್ನಪತ್ರಿಕೆ ಓದುತ್ತಿದ್ದಾಗ, ರಾಯಚೂರಿನಿಂದ ಬಂದಿದ್ದ ವರನ ತಂದೆಯ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದುಬಿಟ್ಟೆ.

ಮನೆಗೆ ಬಂದ ಮೇಲೆ ಹೆಂಡತಿ ಸುಮಿತ್ರಾ ತೀರ್ಪು ಕೊಟ್ಟಳು.

"ಧಾರಿ ಎರಿಯಾಕ ನೀವು ಕೂಡೂದು ಬ್ಯಾಡ್ರಿ. ನಮ್ಮಣ್ಣ, ವೈನಿ ಕೂಡ್ತಾರ. ಹುಡುಗಿ ಕೈ ಹಿಡಕೊಂಡು ನೀವು ಮಲಗಿಬಿಟ್ರ ಅಳಿಯ ಎಷ್ಟೊತ್ತು ಕಾಯಬೇಕು?"

ನನಗೆ ನಿಜಕ್ಕೂ ನೋವಾಯಿತು. ಇರುವವಳು ಒಬ್ಬಳೇ ಮಗಳು. ಅವಳ ಕೈಯನ್ನು ಇನ್ನೊಬ್ಬರು ಅಳಿಯನಿಗೆ ಒಪ್ಪಿಸುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಬೇಕೇ? ಸೋಮಾರಿತನವಾದರೆ ಶಿಕ್ಷೆ ಸರಿ, ರೋಗವಾದರೆ ಕನಿಕರ ತೋರಿಸಲೇಬೇಕು ಎಂದು ವಾದ ಕಟ್ಟಿಕೊಂಡೆ. ಹಗಲು ನಿದ್ದೆಯ ಒಂದು ರೋಗದ ಅಪಾಯ ಹುಟ್ಟಿನಿಂದಲೇ ಬರಬಹುದು, ರಕ್ತದಲ್ಲಿ ಅದರ ಜೀನ್ ನೋಡುತ್ತಾರೆ ಎಂದು ಎಲ್ಲೋ ಓದಿದ್ದೆ. ಸುಮಿತ್ರಾಗೆ ಹೇಳದೆ ಆಸ್ಪತ್ರೆಗೆ ಹೋದೆ.

ಡಾಕ್ಟರು ತೆಲುಗಿನಲ್ಲಿ, "ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ?" ಎಂದು ಕೇಳಿದರು. ಇಂಥ ಕ್ಷುಲ್ಲಕ ಪ್ರಶ್ನೆಗೆ ಉತ್ತರಿಸುವ ವ್ಯವಧಾನ ನನಗಿರಲಿಲ್ಲ. ಅದೆಲ್ಲ ಆಮೇಲೆ, ಮೊದಲು ರಕ್ತ ತೆಗೆಯಿರಿ ಎಂದೆ. ತೆಗೆದರು. ಬರುವ ದಾರಿಯಲ್ಲಿ ಹನುಮಪ್ಪನಿಗೆ ತೆಂಗಿನಕಾಯಿ ಹರಕೆ ಹೊತ್ತೆ: ದೇವರೇ, ದೋಷ ಇರಲಿ.

ರಿಪೋರ್ಟ್ ಬರುವ ಮೊದಲೇ ಬೀಗರು ಬಂದರು. ಸೀರೆ ಖರೀದಿಗೆಂದು ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಇಳಿದವರು, ಸೌಜನ್ಯಕ್ಕೆ ನಮ್ಮ ಮನೆಗೂ ಬಂದಿದ್ದರು. ಸುಮಿತ್ರಾ ತಟ್ಟೆಯಲ್ಲಿ ಅವಲಕ್ಕಿ ಚೂಡಾ ಕೊಟ್ಟಳು. ನಾನು ಈ ಅವಕಾಶ ಬಿಡಲಿಲ್ಲ.

"ಬೀಗರ, ಅವತ್ತ ನಿಮ್ಮ ಭುಜದ ಮ್ಯಾಲ ಮಲಗಿದ್ದು ನಾನಲ್ಲರಿ. ನಮ್ಮ ವಂಶ."

ನಮ್ಮ ಮುತ್ತಜ್ಜ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತ ನಿಂತಲ್ಲೇ ನಿದ್ದೆ ಹೋದದ್ದು, ಅವರಪ್ಪ ಕುದುರೆಯ ಮೇಲೆ ಮಲಗಿ ಪಕ್ಕದ ಊರು ಸೇರಿದ್ದು, ಎಲ್ಲವನ್ನೂ ಅಭಿಮಾನದಿಂದ ವಿವರಿಸಿದೆ. ಇದು ರಕ್ತದಲ್ಲೇ ಇದೆ, ರಿಪೋರ್ಟೂ ಬರಲಿದೆ ಎಂದು ಎದೆಯುಬ್ಬಿಸಿ ಮುಗಿಸಿದೆ.

ಬೀಗರ ಕೈ ಚೂಡಾದಲ್ಲೇ ನಿಂತಿತು.

"ರಕ್ತದಾಗ ಐತಿ ಅಂದ್ರ... ಹುಡುಗಿಗೂ ಬಂದಿರತೈತೇನ್ರಿ?"

ಅದೇ ಹೊತ್ತಿಗೆ, ಮಾದಾಪುರದ ಕಂಪನಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಪಲ್ಲವಿ ಚಹಾ ತಂದಿಟ್ಟು, ಬಾಯಿ ತುಂಬ ಆಕಳಿಸಿದಳು.

ನನ್ನ ವಿಜ್ಞಾನ ಮಗಳ ಮದುವೆಯ ಬುಡಕ್ಕೇ ಬಂದಿತ್ತು! ಸುಮಿತ್ರಾ ಮುಂದೆ ಬಂದಳು.

"ಇವರ ಮಾತು ಬಿಡ್ರಿ ಅಣ್ಣಾರ. ಇವರ ಅಜ್ಜ ಆ ಮನಿಗೆ ದತ್ತಕ ಬಂದವರು. ಕುದುರಿ ಮ್ಯಾಲ ಮಲಗಿದವರಿಗೂ ಇವರಿಗೂ ರಕ್ತದ ಸಂಬಂಧನ ಇಲ್ಲ."

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅಜ್ಜನ ದತ್ತಕದ ಕತೆಯನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ನಮ್ಮಲ್ಲಿ ದತ್ತಕ ಹೋದವನಿಗೆ ಮನೆ, ಹೊಲ, ಹೆಸರಿನ ಜೊತೆ ಮುತ್ತಜ್ಜನ ನಿದ್ದೆಯೂ ದಕ್ಕುತ್ತದೆಂದು ನಂಬಿಬಿಟ್ಟಿದ್ದೆ.

"ಹಂಗಾದ್ರ ಇವರ ನಿದ್ದಿ ಎಲ್ಲಿಂದ ಬಂತ್ರಿ?" ಎಂದರು ಬೀಗರು. ಆಮೇಲೆ ತಟ್ಟೆ ಸರಿಸಿ, "ರಿಪೋರ್ಟ್ ಬರಲಿ, ಆಮ್ಯಾಲ ಮಾತಾಡೂಣು" ಎಂದು ಎದ್ದುಹೋದರು.

ಹನುಮಪ್ಪನಿಗೆ ಎರಡನೆಯ ಹರಕೆ ಹೊತ್ತೆ: ದೇವರೇ, ಮೊದಲನೆಯದು ರದ್ದು.

ರಿಪೋರ್ಟ್ ಬಂತು. ಆ ಜೀನ್ ನನ್ನಲ್ಲಿ ಇರಲಿಲ್ಲ. ಇದೊಂದರಿಂದಲೇ ಎಲ್ಲ ತೀರ್ಮಾನವಾಗುವುದಿಲ್ಲ ಎಂದ ಡಾಕ್ಟರು ತಮ್ಮ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಈ ಸಲ ಸುಮಿತ್ರಾ ಜೊತೆಗಿದ್ದಳು, ಉತ್ತರವನ್ನು ಅವಳೇ ಕೊಟ್ಟಳು.

"ಎಲ್ಲಿ ಮಲಗ್ತಾರ್ರಿ? ಹಾಲಿನಾಂವ ಬರೂತನಕ ಮೊಬೈಲಿನಾಗ ಕುಸ್ತಿ ನೋಡ್ತಾರ."

ಡಾಕ್ಟರಿಗೆ ಕನ್ನಡ ಬಾರದು. ಆದರೂ ಪೂರ್ತಿ ಅರ್ಥವಾಯಿತು.

ಆ ಸಂಜೆ ಬೀಗರಿಗೆ ಫೋನ್ ಮಾಡಿದೆ. ಸುಮಿತ್ರಾ ಸ್ಪೀಕರ್ ಹಾಕಿ ಎದುರಿಗೆ ಕೂತಳು.

"ಬೀಗರ, ರೋಗ ಏನೂ ಇಲ್ಲರಿ."

"ಹಂಗಾದ್ರ ಅವತ್ತ ಮಲಗಿದ್ದು?"

ಸುಮಿತ್ರಾಳ ಮುಖ ನೋಡಿದೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಸೋಮಾರಿತನರಿ."

"ಅಷ್ಟ ಏನ್ರಿ? ಅದು ನಮ್ಮನ್ಯಾಗೂ ಭಾಳ ಐತಿ ಬಿಡ್ರಿ," ಎಂದು ಬೀಗರು ನಿರಾಳವಾಗಿ ನಕ್ಕರು. ಮದುವೆ ಉಳಿಯಿತು.

ಧಾರೆಗೆ ಕೂರುವ ಹಕ್ಕೂ ಒಂದು ಷರತ್ತಿನ ಮೇಲೆ ವಾಪಸ್ ಸಿಕ್ಕಿತು: ರಾತ್ರಿ ಮೊಬೈಲು ಸುಮಿತ್ರಾಳ ಕಪಾಟಿನಲ್ಲಿ. ಮದುವೆಯ ದಿನ ಭಟ್ಟರ ಒಂದು ಮಂತ್ರವನ್ನೂ ಬಿಡದೆ ಕೇಳಿದೆ. ಪಲ್ಲವಿಯ ಕೈಯನ್ನು ಅಳಿಯನ ಕೈಗೆ ಕೊಡುವಾಗಲಂತೂ ಜೀವಮಾನದಲ್ಲೇ ಎಂದೂ ಇಲ್ಲದಷ್ಟು ಎಚ್ಚರವಾಗಿದ್ದೆ.

ಫೋಟೋದಲ್ಲಿ ಮಾತ್ರ ನನ್ನ ಕಣ್ಣು ಮುಚ್ಚಿದೆ. ನೀರು ತುಂಬಿ ಮುಚ್ಚಿದ್ದು ಎಂದರೆ ಎರಡೂ ಮನೆಯಲ್ಲಿ ಒಬ್ಬರೂ ನಂಬುತ್ತಿಲ್ಲ. ಇದನ್ನು ಸಾಬೀತು ಮಾಡುವ ರಕ್ತಪರೀಕ್ಷೆ ಇದೆಯೇ ಎಂದು ಆ ಡಾಕ್ಟರನ್ನು ಕೇಳಿದೆ. ಇಲ್ಲವಂತೆ.