ಹೋಳಿಗೆಯನ್ನು ದೂರ ತಳ್ಳಿದವರು

ಜೀವಕೋಟಿಯ ಸಮಸ್ತ ವ್ಯವಹಾರವೂ ಕಡೆಗೆ ಎರಡೇ ಕ್ರಿಯೆಗಳಲ್ಲಿ ಅಡಗಿದೆ: ಬೇಕಾದದ್ದರ ಬಳಿಗೆ ಹೋಗುವುದು, ಬೇಡವಾದದ್ದರಿಂದ ದೂರ ಸರಿಯುವುದು. ಅಮೀಬಾದಿಂದ ಹಿಡಿದು ಮಂತ್ರಿಗಳವರೆಗೆ ಯಾರಿಗೂ ಇದರಿಂದ ವಿನಾಯಿತಿಯಿಲ್ಲ. ಈ ಗಹನ ಸತ್ಯವನ್ನು ಆಸ್ಟ್ರೇಲಿಯಾದ ಪರ್ತ್‌ನ ವಿಶ್ವವಿದ್ಯಾಲಯವೊಂದರ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಶೋಧಿಸಿದ ನಾನು, ಆ ಅವಧಿಯಲ್ಲಿ ಬಹುಪಾಲು ಮಾಡಿದ ಕೆಲಸವೆಂದರೆ ಜನರ ತಲೆಗೂದಲಿಗೆ ಅಂಟು ಹಚ್ಚುವುದು, ಆಮೇಲೆ ಅದನ್ನು ತೊಳೆದುಕೊಡುವುದು.

ಮೊದಲು ನಾನು ಮೈಸೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟರಾಗಿದ್ದೆ. ಹೆಂಡತಿ ಸುಮಾ ಭೂವಿಜ್ಞಾನಿ. ಅವಳನ್ನು ಇಲ್ಲಿಯ ಗಣಿ ಕಂಪನಿಯವರು ಕರೆಸಿಕೊಂಡಾಗ, ಅವಳ ವೀಸಾದ ಬಾಲಂಗೋಚಿಯಾಗಿ ನಾನೂ ಬಂದೆ. ಅವಳು ಎರಡು ವಾರ ಗಣಿಯಲ್ಲಿ ಕಲ್ಲು ನೋಡಿಕೊಂಡು, ಒಂದು ವಾರ ಮನೆಯಲ್ಲಿ ನನ್ನನ್ನು ನೋಡಿಕೊಂಡು ಇರುತ್ತಿದ್ದಳು. ಎರಡರ ನಡುವೆ ಅವಳಿಗೆ ಹೆಚ್ಚು ವ್ಯತ್ಯಾಸ ಕಂಡಂತಿರಲಿಲ್ಲ. ಕ್ಯಾನಿಂಗ್ ವೇಲ್ ಬಡಾವಣೆಯ ಮನೆಯಲ್ಲಿ ಬಟ್ಟೆ ಮಡಚಿ ಮಡಚಿ ಬೇಸರವಾಗಿ, ನಲವತ್ತು ದಾಟಿದ ಮೇಲೆ ನಾನು ಡಾಕ್ಟರೇಟಿಗೆ ಸೇರಿಕೊಂಡೆ.

ಪ್ರಯೋಗ ಸರಳ. ತಲೆಗೆ ತಂತಿಗಳ ಟೋಪಿ, ಕೈಗೆ ಜಾಯ್‌ಸ್ಟಿಕ್. ಪರದೆಯ ಮೇಲೆ ತಿನಿಸಿನದೋ ಜೇಡದ್ದೋ ಚಿತ್ರ ಬಂದಾಗ ಇಷ್ಟವಾದರೆ ಕಡ್ಡಿಯನ್ನು ತಮ್ಮ ಕಡೆಗೆ ಎಳೆಯಬೇಕು, ಚಿತ್ರ ದೊಡ್ಡದಾಗಿ ಎದುರಿಗೆ ಬರುತ್ತದೆ. ಬೇಡವೆಂದರೆ ತಳ್ಳಬೇಕು, ಅದು ಕಿರಿದಾಗುತ್ತ ಹೋಗಿ ಮಾಯವಾಗುತ್ತದೆ. ಮಿದುಳಿನ ಎಡ ಮುಂಭಾಗ ಚುರುಕಾದರೆ ಒಳಗೆ ಆಸೆ ಎದ್ದಿದೆಯೆಂದು ನಮ್ಮ ಪಂಥದವರ ನಂಬಿಕೆ. ಬಾಲ್ಯದ ತಿನಿಸು ಮನುಷ್ಯನನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು ನನ್ನ ಕೊನೆಯ ಅಧ್ಯಾಯ. ಪ್ರಬಂಧದಲ್ಲಿ ಹೊಸದು ಅನ್ನುವಂಥದ್ದು ಅದೊಂದೇ. ಸಲ್ಲಿಸುವ ಗಡುವು ಜೂನ್ ಕೊನೆ.

ಯುಗಾದಿ ಊಟದಲ್ಲಿ ಸಿಕ್ಕ ಪರ್ತ್ ಕನ್ನಡಿಗರನ್ನೆಲ್ಲ ಪ್ರಯೋಗಕ್ಕೆ ಒಪ್ಪಿಸಿದೆ. ಗಣಿಗಳ ಭರಾಟೆ ತಗ್ಗಿದ್ದ ವರ್ಷ, ಜನರಿಗೂ ಬಿಡುವಿತ್ತು. ಎಲ್ಲರೂ ಬಂದರು, ಹೆಂಗಸರು ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದು ತಂತಿಗಳಿಗೆ ಹಿಡಿತವೇ ಸಿಗದಂತೆ ಮಾಡಿದರು, ಅದೂ ಹೇಗೋ ನಡೆಯಿತು. ಫಲಿತಾಂಶ ನೋಡಿದ ಮೇಲೆ ನಡೆಯದಾದದ್ದು ನನ್ನ ತಲೆ. ಒಬ್ಬೊಬ್ಬರ ಮಿದುಳೂ ಹೋಳಿಗೆ ಕಂಡೊಡನೆ ಹಾತೊರೆದಿತ್ತು, ಕೈ ಮಾತ್ರ ಅದನ್ನು ನಯವಾಗಿ ದೂರ ತಳ್ಳಿತ್ತು. ಗಣಿಯಿಂದ ನಿವೃತ್ತರಾದ ರಂಗನಾಥ್ ಅಂಕಲ್ ನಮ್ಮ ಬಡಾವಣೆಯ ಹಿರಿಯರು. ಅವರನ್ನೇ ಕೇಳಿದೆ.

“ಅಂಕಲ್, ನಿಮಗೆ ಹೋಳಿಗೆ ಆಗಲ್ವಾ?”

“ಯಾರ್ರೀ ಹಾಗಂದೋರು?”

“ಬಂದಾಗಲೆಲ್ಲ ತಳ್ಳಿಬಿಟ್ರಲ್ಲ.”

“ಮತ್ತೆ? ನೀವು ಪಕ್ಕದಲ್ಲೇ ಕೂತಿದೀರಿ. ಕಂಡ ತಕ್ಷಣ ಎಳ್ಕೊಂಡ್ರೆ ಏನಂದ್ಕೊಳ್ತೀರಿ? ಬಾಯಿಮಾತಿಗೆ ನೀವೂ ಒಂದ್ಸಲ ‘ತಗೊಳ್ಳಿ’ ಅನ್ನಲಿಲ್ಲ.”

“ಸರಿ, ಜೇಡ ಬಂದಾಗ ಎಳ್ಕೊಂಡಿದೀರಲ್ಲ?”

“ಯಾವ ಜಾತಿ ಅಂತ ನೋಡಬೇಡ್ವೇನ್ರೀ? ನಮ್ಮ ಗರಾಜಲ್ಲೂ ಒಂದಿದೆ.”

ವಿಜ್ಞಾನ ಇಂಥ ಉತ್ತರಗಳಿಗೆ ಸಿದ್ಧವಾಗಿರಲಿಲ್ಲ. ಮಾರ್ಗದರ್ಶಕಿ ಹೆಲೆನ್ ಬಳಿ ಹೋಗಿ, ಚಿತ್ರ ಬಂದಾಗ ನಾನು ಪಕ್ಕದಿಂದ “ಒಂದೇ ಒಂದು ತಗೊಳ್ಳಿ, ನಮ್ಮಾಣೆ” ಎಂದು ಮೂರು ಸಲ ಹೇಳಬಹುದೇ ಎಂದು ವಿಚಾರಿಸಿದೆ. ಭಾಗವಹಿಸುವವರ ಮೇಲೆ ಯಾವ ಬಗೆಯ ಬಲವಂತವೂ ಕೂಡದೆಂದು ನೀತಿ ಸಮಿತಿಯ ಕಟ್ಟಪ್ಪಣೆಯಿದೆ ಎಂದರು. ನಮ್ಮಲ್ಲಿ ಅದು ಬಲವಂತವಲ್ಲ, ಉಪಚಾರ, ಮಾಡದಿದ್ದರೇ ಅವಮಾನ ಎಂದು ಇಂಗ್ಲಿಷಿನಲ್ಲಿ ವಿವರಿಸಹೊರಟೆ. ವಿವರಿಸಿದಷ್ಟೂ ಅದು ನನಗೇ ಅಪರಾಧದಂತೆ ಕೇಳಿಸತೊಡಗಿತು.

ಹೆಲೆನ್ ದಯಾಮಯಿ. “ನೀವು ಕೋಣೆಯಿಂದ ಹೊರಗಿದ್ದು ಇದನ್ನೇ ಮತ್ತೆ ಮಾಡಿದರೆ ಒಳ್ಳೆಯ ಅಧ್ಯಾಯವಾಗುತ್ತದೆ. ಆರು ತಿಂಗಳು ಗಡುವು ಮುಂದೂಡಿಸಲೇ?” ಎಂದು ಕೇಳಿದರು. ನಾನು ರಾತ್ರಿಯೆಲ್ಲ ಹೊರಳಾಡಿ ಬೇಡಿಕೊಂಡು ಬಂದಿದ್ದೇ ಅದನ್ನು. ಆ ಕ್ಷಣ ನನ್ನ ತಲೆಗೆ ತಂತಿ ಕಟ್ಟಿದ್ದರೆ ಎಡ ಮುಂಭಾಗದಲ್ಲಿ ದೀಪಾವಳಿಯೇ ಕಾಣುತ್ತಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, “ಅಯ್ಯೋ, ಬೇಡ, ನಿಮಗ್ಯಾಕೆ ತೊಂದರೆ” ಎಂಬರ್ಥದ ಇಂಗ್ಲಿಷು. ಹಾಗೆ ಹೇಳಿ, ಮುಗುಳ್ನಗುತ್ತ, ತಲೆ ತಗ್ಗಿಸಿ ನಿಂತೆ. “ನೋ ವರೀಸ್” ಎಂದು ಅವರು ಕಾಫಿ ಕಪ್ಪು ಎತ್ತಿಕೊಂಡು ಮುಂದಿನ ಮೀಟಿಂಗಿಗೆ ಹೊರಟುಹೋದರು.

ಆ ವಾರ ಗಣಿಯಿಂದ ಬಂದ ಸುಮಾಗೆ ಎಲ್ಲ ಹೇಳಿದೆ.

“ಆಮೇಲೆ?” ಎಂದಳು.

“ಆಮೇಲೇನು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.”

“ಇನ್ನೊಂದ್ಸಲ ಕೇಳ್ತಾರೆ ಅಂತಾನಾ?”

“ಸೌಜನ್ಯಕ್ಕಾದ್ರೂ ಕೇಳಬಾರದಾ?”

“ರೀ, ಸೋಮವಾರ ಹೋಗಿ ಬೇಕು ಅಂದ್ಬಿಡಿ.”

“ಬೇಡ ಅಂದೋನು ಯಾವ ಮುಖ ಇಟ್ಕೊಂಡು ಹೋಗಿ ಬೇಕು ಅನ್ನಲಿ?”

“ಇಷ್ಟು ವರ್ಷ ಅದನ್ನೇ ಓದಿದ್ದಲ್ವಾ, ನೀವೇ ಹೇಳಿ” ಎಂದು ಸುಮಾ ಬಟ್ಟೆ ಮಡಚಲು ಹೋದಳು.

ಸೋಮವಾರ ನಾನು ಹೋಗಲಿಲ್ಲ. ಪ್ರಬಂಧ ಜೂನ್ ಕೊನೆಗೆ ಸಲ್ಲಿಕೆಯಾಯಿತು. ಕೊನೆಯ ಅಧ್ಯಾಯ ಅದರಲ್ಲಿಲ್ಲ.