ಅಂಗಳಕ್ಕೆ ಎಸೆದ ಒನಕೆ

ನಮ್ಮ ಮನೇಲಿ ಒಂದು ಶುಭಕಾರ್ಯ ಅಂದ್ರೆ ಸಾಕು, ಎಲ್ಲಿದ್ದರೂ ಎಡವಟ್ಟು ಹುಡುಕಿಕೊಂಡು ಬರುತ್ತಿತ್ತು. ನನ್ನನ್ನು ನೋಡೋಕೆ ಮೊದಲ ಗಂಡು ಬಂದ ದಿನ ಎಮ್ಮೆ ಈದು, ಮನೆಯವರೆಲ್ಲ ಕೊಟ್ಟಿಗೆಯಲ್ಲಿ. ಎರಡನೇ ಗಂಡು ಬಂದಾಗ ಅಪ್ಪ ದಿನ ಮರೆತು ಆನಗೋಡಿನ ಗೆಳೆಯನ ಮನೇಲಿ ಹೋಳಿಗೆ ತಿನ್ನುತ್ತಿದ್ದ. ಎರಡೂ ಸಂಬಂಧ ತಪ್ಪಿದವು.

ಮೂರನೆಯದು ಹರಿಹರದ ಮೇಷ್ಟರು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಬೇಸಿಗೆ, ಗುರುವಾರ ಬರ್ತೀವಿ ಅಂತ ಕಾಗದ ಬಂದಿತ್ತು. ಮುಚ್ಚಿಡೋದ್ಯಾಕೆ, ಫೋಟೋ ನೋಡೇ ನಾನು ಮನಸ್ಸು ಕೊಟ್ಟುಬಿಟ್ಟಿದ್ದೆ. ಅದೇನು ಕ್ರಾಪು ಅಂತೀರಿ!

೧. ಒನಕೆ

ಸೋಮವಾರ ಮಧ್ಯಾಹ್ನ ದಾವಣಗೆರೆ ಮೇಲೆ ನಿಂಬೆಕಾಯಿ ಗಾತ್ರದ ಆಲಿಕಲ್ಲು ಸುರೀತು. ನಮ್ಮ ಹೆಂಚೆಲ್ಲ ಪಟಪಟ ಒಡೆದವು. ಅಂಗಳಕ್ಕೆ ಒನಕೆ ಎಸೆದರೆ ಆಲಿಕಲ್ಲು ನಿಲ್ಲುತ್ತದೆ ಅನ್ನೋದು ನಮ್ಮಜ್ಜಿಯ ನಂಬಿಕೆ.

"ಪಕ್ಕಕ್ಕೆ ಸರೀರಿ ಎಲ್ರೂ!" ಅಂತ ಎತ್ತಿ ಎಸೆದೇಬಿಟ್ಟಳು. ಒನಕೆ ಉರುಳಿಕೊಂಡು ಹೋಗಿ, ಕಲ್ಲುಬೆಂಚಿನ ಕೆಳಗೆ ಸುಖವಾಗಿದ್ದ ಉಪ್ಪಿನಕಾಯಿ ಭರಣಿಗೆ ಬಡೀತು. ಆಲಿಕಲ್ಲು ಬಿಟ್ಟಿದ್ದನ್ನ ಅಜ್ಜಿ ಒಡೆದಳು.

ಅರ್ಧ ತಾಸಿಗೆ ಮಳೆ ನಿಂತಿತು. "ಒನಕೆ ಎಸೆದ ಮ್ಯಾಲೆ ನಿಲ್ಲದೆ ಎಲ್ಲಿಗೆ ಹೋದಾತು?" ಅಂದಳು ಅಜ್ಜಿ.

೨. ಸಾಕ್ಷಿ

ಅಪ್ಪನಿಗೆ ಬೇರೆ ಚಿಂತೆ. ಹೆಂಚು ಹೊದೆಸೋಕೆ ಊರಲ್ಲಿ ಒಬ್ಬ ಆಳೂ ಸಿಗುವಂಗಿಲ್ಲ. ಮಾಡಿನ ತುಂಬ ತೂತು ನೋಡಿದರೆ ಬೀಗರು ಏನಂದುಕೊಂಡಾರು?

"ಸಾಕ್ಷಿಗೆ ಆಲಿಕಲ್ಲು ತೋರಿಸಿದ್ರೆ ಆತು. ಐಸು ಮಾರೋರು ಕರಗಬಾರದು ಅಂತ ಹೊಟ್ಟಿನಾಗೆ ಇಡಂಗಿಲ್ವಾ?" ಅಂತ ಒಂದು ಬುಟ್ಟಿ ಆಲಿಕಲ್ಲನ್ನು ಭತ್ತದ ಹೊಟ್ಟಿನಲ್ಲಿ ಮುಚ್ಚಿ, ಗಾಳಿ ಆಡಬಾರದು ಅಂತ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದಕೈ ಜನಿವಾರದಂಗೆ ಕೊರಳಿಗೆ ಹಾಕಿಕೊಂಡ.

ಗುರುವಾರ ಬೆಳಿಗ್ಗೆ ತೆಗೆದು ನೋಡಿದರೆ ಸಾಕ್ಷಿ ಮಂಗಮಾಯ! ಟ್ರಂಕಿನ ತಳದಲ್ಲಿದ್ದ ನನ್ನ ಒಂದೇ ಒಂದು ರೇಷ್ಮೆ ಸೀರೆ ಹೊಟ್ಟಿನ ಸಮೇತ ನೆಂದು ತೊಪ್ಪೆಯಾಗಿತ್ತು. ನಾನು ಗೊಳೋ ಅಂತ ಅತ್ತೆ. ಹಿಂಡಿ ಅದನ್ನೇ ಉಡಿಸಿದರು.

ಬೀಗರ ಮುಂದೆ ಕೂತೆ. ತಟ್, ತಟ್ ಅಂತ ಸೆರಗಿನಿಂದ ನೀರು. ಗಂಡಿನ ತಾಯಿ ಮೇಲೆ ನೋಡಿ, "ಮಳೆ ನಿಂತು ಮೂರು ದಿನ ಆತಲ್ರೀ, ಇನ್ನೂ ಸೋರ್ತೈತಾ?" ಅಂದರು.

ಅಪ್ಪ ಗಾಬರಿಯಲ್ಲಿ, "ಮಾಡು ಸೋರಂಗಿಲ್ರೀ, ಹುಡುಗಿ ಸೋರ್ತಾಳೆ" ಅಂದುಬಿಟ್ಟ.

೩. ಟೋಪಿ

ಇಷ್ಟೆಲ್ಲದರ ನಡುವೆ ಗಂಡು ಮಾತ್ರ ತಲೆ ಮೇಲಿನ ಟೋಪಿ ತೆಗೀಲಿಲ್ಲ. ಸೆಖೆಗೆ ಬೆವರು ಇಳೀತಿದೆ, ಊಹೂಂ. ಫೋಟೋ ಯಾವ ಕಾಲದ್ದೋ, ಕ್ರಾಪು ಉದುರಿಹೋಗಿದೆಯೋ ಏನೋ! ಅಮ್ಮ ಕಣ್ಣಲ್ಲೇ ಬ್ಯಾಡ ಬ್ಯಾಡ ಅಂತಿದ್ದಳು. ಮೂರನೆಯದೂ ಹೋಯಿತಲ್ಲ ಅಂತ ನನಗೆ ಮತ್ತೆ ಅಳು.

ಅಜ್ಜಿ ಬಿಡುವವಳಲ್ಲ. "ನಮ್ಮ ಹುಡುಗೀನ ನಡೆಸಿ ನೋಡಿದ್ರಿ, ಹಾಡಿಸಿ ನೋಡಿದ್ರಿ. ನಾವು ತಲೆ ನೋಡಬ್ಯಾಡ್ವಾ? ಟೋಪಿ ತೆಗೀರಿ."

ಗಂಡಿನ ತಾಯಿ ಮುಖ ಸಣ್ಣದಾಯಿತು. ಮೇಷ್ಟರು ಮೆಲ್ಲಗೆ ಟೋಪಿ ತೆಗೆದರು. ಕ್ರಾಪು ಇದ್ದಂಗೇ ಇತ್ತು, ನನ್ನ ಪುಣ್ಯ! ನಡುವೆ ಮಾತ್ರ ಅರಿಶಿನ ಮೆತ್ತಿದ ಇಷ್ಟು ದಪ್ಪ ಊದಿದ ಬೋರೆ.

"ಅಯ್ಯೋ, ಆಲಿಕಲ್ಲು ಬಿತ್ತೇನಪ್ಪ?" ಅಂದಳು ಅಜ್ಜಿ.

"ಅಲ್ರೀ ಅಜ್ಜಿ. ಸೋಮವಾರ ಹರಿಹರದಾಗೂ ಆಲಿಕಲ್ಲು ಬಿತ್ತು. ನಾನು ಅಂಗಳದಾಗೆ ಒಣಗಾಕಿದ್ದ ಹಪ್ಪಳ ಎತ್ತುತಿದ್ದೆ. ನಮ್ಮಜ್ಜಿ ಒಳಗಿನಿಂದ ಒನಕೆ ಎಸೆದ್ರು."

ಅಜ್ಜಿ ಮುಂದಕ್ಕೆ ಬಾಗಿ ಕೇಳಿದಳು, "ಆಮ್ಯಾಲೆ ಮಳೆ ನಿಂತಿತಾ?"

"ಅರ್ಧ ತಾಸಿಗೆ ನಿಂತಿತ್ರಿ."

ಅಜ್ಜಿ ಅಪ್ಪನ ಕಡೆ ತಿರುಗಿದಳು. "ಏನ್ ನೋಡ್ತಾ ಕೂತಿ? ತಾಂಬೂಲ ತಗೊಂಡು ಬಾ!"