ಖಾಲಿ ಕುರ್ಚಿಯ ಕರ್ತವ್ಯನಿಷ್ಠ

ಕಂಪ್ಯೂಟರಿನಲ್ಲಿ ಏನೋ ಸೇರಿಕೊಂಡಿದೆ ಎಂದು ಹೆಂಡತಿ ಹೇಳಿದ ದಿನವೇ ಯಜಮಾನ ಬಾಯಿಬಿಟ್ಟಿದ್ದರೆ ಇಷ್ಟು ರಾಮಾಯಣವಾಗುತ್ತಿರಲಿಲ್ಲ.

"ರೀ, ಮಧ್ಯಾಹ್ನ ನಿಮ್ಮ ಕೋಣೆ ಒಳಗೆ ಬಗ್ಗಿ ನೋಡಿದೆ. ಕುರ್ಚಿ ಖಾಲಿ. ಆದ್ರೆ ತೆರೆ ಮೇಲೆ ಆ ಬಾಣ ತಾನಾಗೇ ಓಡಾಡ್ತಿತ್ತು. ಮೂಲೆಗೆ ಹೋಗೋದು, ನಿಲ್ಲೋದು, ಏನೋ ನೆನಪಾದ ಹಾಗೆ ವಾಪಸ್ ಬರೋದು. ಮೈಯೆಲ್ಲ ಜುಮ್ ಅಂತು."

"ಗಾಳಿಗೆ ಇರಬೇಕು ಕಣೆ."

"ತೆರೆ ಒಳಗೆ ಗಾಳಿನಾ? ಅಷ್ಟೇ ಅಲ್ಲ, ಅಟ್ಟದ ಮೇಲೆ ಯಾರೋ ಉಸಿರಾಡ್ತಿದ್ರು. ಗರ್ ಅಂತ ಎಳ್ಕೊಂಡು, ಪುಸ್ ಅಂತ ಬಿಡೋದು."

ಅಟ್ಟದ ಮೇಲಿನ ಪಿಶಾಚಿ ಸಾಕ್ಷಾತ್ ಯಜಮಾನನೇ. ಅವನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಪುಣ್ಯವಂತ. ಮೌಸ್ ಸ್ವಲ್ಪ ಹೊತ್ತು ಅಲ್ಲಾಡದಿದ್ದರೆ ಆಫೀಸಿನ ಕಡೆಯಿಂದ 'ಎಲ್ಲಿದ್ದೀರಿ?' ಎಂದು ಕೇಳುತ್ತಾರೆ. ಆದ್ದರಿಂದ, ಯಾರೂ ಮುಟ್ಟದಿದ್ದಾಗ ಬಾಣವನ್ನು ಅಡ್ಡಾಡಿಸುವ ಪುಟ್ಟ ಪ್ರೋಗ್ರಾಮೊಂದನ್ನು ಸ್ವತಃ ರಚಿಸಿ, ಅದಕ್ಕೆ 'ಕರ್ತವ್ಯನಿಷ್ಠ' ಎಂದು ನಾಮಕರಣ ಮಾಡಿ, ಅಟ್ಟ ಹತ್ತಿ ಹಳೆಯ ಹಾಸಿಗೆಗಳ ನಡುವೆ ಪವಡಿಸುತ್ತಿದ್ದ. ಹೆಂಡತಿಗೆ ಹೇಳಿದ್ದು ಮಾತ್ರ, "ಮಧ್ಯಾಹ್ನ ಮೀಟಿಂಗು. ಬಾಗಿಲು ತಟ್ಟಬೇಡ."

ಈಗ ನಿಜ ಹೇಳಿದರೆ ನಿದ್ದೆಗೆ ಸಂಚಕಾರ. "ವೈರಸ್ ಇರಬಹುದು," ಎಂದು ಗಂಭೀರವಾಗಿ ತಲೆಯಾಡಿಸಿ, ಅತ್ಯುಗ್ರವಾದ ಆಂಟಿವೈರಸ್ ಒಂದನ್ನು ತಂದು ಸ್ಥಾಪಿಸಿದ. ಕರ್ತವ್ಯನಿಷ್ಠನಿಗೆ ಮಾತ್ರ ಗುಟ್ಟಾಗಿ ವಿನಾಯಿತಿ ಕೊಟ್ಟ. (ಕಾವಲುಗಾರನಿಗೇ ಕಳ್ಳನ ಪರಿಚಯ ಮಾಡಿಸಿ 'ಇವರು ನಮ್ಮವರು' ಎಂದಂತೆ.)

ಅನಾಹುತವಾದದ್ದು, ಹೆಂಡತಿ ಕಸೂತಿ ಹಾಕಿಕೊಡಲು ಒಪ್ಪಿಕೊಂಡಿದ್ದ ನಾಟಕ ತಂಡದ ಪರದೆಯನ್ನು ಒಪ್ಪಿಸಬೇಕಾದ ದಿನ. ನಡುಮನೆಯಲ್ಲಿ ಅವಳ ಕಸೂತಿ ಯಂತ್ರ ಬೆಳಗಿನಿಂದ ಟಕಟಕ ಎನ್ನುತ್ತಿತ್ತು. ಪರದೆಯ ಮೇಲೆ ಆಳೆತ್ತರದ ಒಂದು ಮುಖ, ಕಣ್ಣೆರಡು ಮಾತ್ರ ಬಾಕಿ. ಯಂತ್ರಕ್ಕೆ ಅಪ್ಪಣೆ ಕೊಡುವ ಪ್ರೋಗ್ರಾಮನ್ನು ಅವಳ ಅಣ್ಣ ಬರೆದು, ಯಜಮಾನನ ಕೋಣೆಯ ಅದೇ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ತಿಂಗಳುಗಟ್ಟಲೆ ಕೂತು ಅವಳು ಬಿಡಿಸಿದ ಆ ಮುಖವೂ ಅದರ ಹೊಟ್ಟೆಯಲ್ಲೇ ಇತ್ತು. ಬೇರೆ ಪ್ರತಿ ಇಲ್ಲ.

ಒಂದು ಕಣ್ಣು ಮುಗಿಯಿತು. ಯಂತ್ರ ನಿಂತಿತು.

ಮನೆ ಗಕ್ಕನೆ ಮೌನವಾಯಿತು. ಕಂಪ್ಯೂಟರಿನ ಮೇಲೆ, "ಅಪಾಯವನ್ನು ನಿವಾರಿಸಲಾಗಿದೆ" ಎಂಬ ಹಸಿರು ಅಕ್ಷರ. ಕಸೂತಿಯ ಚಿತ್ರವಿದ್ದ ಜಾಗ ಬಿಳಿಚಿಕೊಂಡು, ನೋಡನೋಡುತ್ತಿದ್ದಂತೆ ಅಳಿಸಿಹೋಯಿತು. ಕೋಣೆಯ ತೆರೆದ ಬಾಗಿಲಿನಾಚೆಯಿಂದ ಪರದೆಯ ಒಂಟಿ ಕಣ್ಣು ಯಜಮಾನನನ್ನೇ ದಿಟ್ಟಿಸುತ್ತಿತ್ತು. ಅವನು ಎಡಕ್ಕೆ ಸರಿದ. ಅದೂ ಸರಿದಂತಿತ್ತು.

"ನಮ್ಮಣ್ಣನ ಪ್ರೋಗ್ರಾಮ್ ಅಪಾಯನಾ?" ಹೆಂಡತಿ ಓಡಿ ಬಂದಳು. "ಸಂಜೆ ಪರದೆ ಒಯ್ಯೋಕೆ ಬರ್ತಾರೆ ರೀ. ಇದು ಕೆಟ್ರೆ ಇನ್ಯಾರೂ ನನಗೆ ಕೆಲಸ ಕೊಡಲ್ಲ."

ಆಂಟಿವೈರಸ್ ಕಂಪನಿಗೆ ಫೋನ್ ಹೋಯಿತು. ಅತ್ತಲಿಂದ ಮಾತಾಡಿದ ಹುಡುಗಿ, ಅಲ್ಲಿಂದಲೇ ಇವರ ತೆರೆಯನ್ನು ನೋಡುತ್ತ ಧೈರ್ಯ ಹೇಳಿದಳು. "ಅಳಿಸಿಲ್ಲ ಮೇಡಂ, ಕ್ವಾರಂಟೈನ್‌ನಲ್ಲಿಟ್ಟಿದೆ. ಮನೇಲಿ ಮಾಡಿದ್ದು, ಗುರುತಿಲ್ಲ, ಅದಕ್ಕೆ ಅನುಮಾನ ಪಟ್ಟಿದೆ. ಒಂದ್ಸಲ ಪರೀಕ್ಷೆ ಮಾಡಿ, ಸುಳ್ಳು ಎಚ್ಚರಿಕೆ ಅಂತ ಖಾತ್ರಿಯಾದ್ರೆ ಬಿಡಿಸಿ ಕೊಡ್ತೀನಿ. ಅಲ್ಲೀವರೆಗೂ ಯಾರೂ ಮೌಸ್ ಮುಟ್ಟಬೇಡಿ."

ಇಬ್ಬರೂ ಕೈಕಟ್ಟಿ ನಿಂತರು. ಫ್ಯಾನು ಕಿರುಗುಟ್ಟುತ್ತಿತ್ತು.

ಬಾಣ ಮೆಲ್ಲಗೆ ಅಲುಗಿತು.

ಮೂಲೆಗೆ ಹೋಯಿತು. ನಿಂತಿತು. ಏನೋ ನೆನಪಾದ ಹಾಗೆ ವಾಪಸ್ ಬಂತು.

"ಸರ್, ಮೌಸ್ ಬಿಡಿ," ಎಂದಳು ಹುಡುಗಿ.

"ಬಿಟ್ಟಿದೀನಮ್ಮ."

"ನಾನೂ ಮುಟ್ಟಿಲ್ಲ ಸರ್." ಅವಳ ದನಿ ಇಳಿಯಿತು. "ಹಾಗಾದ್ರೆ... ಒಳಗೆ ಇನ್ಯಾರೋ ಇದಾರೆ."

ಹೆಂಡತಿ ಅವನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು. "ಅದೇ! ನಾ ನೋಡಿದ್ದು ಅದೇ!"

"ಮೇಡಂ, ಹೀಗಿದ್ರೆ ಏನನ್ನೂ ಬಿಡಿಸೋ ಹಾಗಿಲ್ಲ. ಕ್ವಾರಂಟೈನ್‌ನಲ್ಲಿರೋದೂ ಸೇರಿ ಎಲ್ಲವನ್ನೂ ಪೂರ್ತಿ ಅಳಿಸಿಬಿಡಬೇಕು. ಅಳಿಸಲಾ?"

"ಪ್ರಾಣಕ್ಕಿಂತ ಹೆಚ್ಚಾ?" ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಳಿಸಮ್ಮ."

ಯಜಮಾನ ಒಮ್ಮೆ ಅಟ್ಟದ ಕಡೆ, ಒಮ್ಮೆ ಪರದೆಯ ಕಡೆ ನೋಡಿದ. ಒಂದು ಕಡೆ ಅಟ್ಟದ ಸ್ವರ್ಗಸುಖ, ಇನ್ನೊಂದು ಕಡೆ ಇವಳ ತಿಂಗಳುಗಟ್ಟಲೆಯ ದುಡಿಮೆ. "ತಡಿ! ಅಳಿಸಬೇಡ! ಅದು ದೆವ್ವ ಅಲ್ಲ," ಎಂದ. ಮುಂದಿನ ಮಾತು ಸಣ್ಣಗೆ ಹೊರಬಿತ್ತು. "ಅದು ನಂದು."

ಎಲ್ಲವನ್ನೂ ಒಪ್ಪಿಕೊಂಡ. ಫೋನಿನಲ್ಲಿ ಹುಡುಗಿ ಕೆಮ್ಮುವಂತೆ ನಟಿಸಿದಳು.

"ಅಟ್ಟದ ಮೇಲೆ ಉಸಿರಾಡ್ತಿದ್ದಿದ್ದು?" ಹೆಂಡತಿ ಕೇಳಿದಳು.

"ನಾನೇ."

"ಬೆಳಕಿರೋವಾಗ್ಲೂ ಒಬ್ಬಳೇ ಬಚ್ಚಲಿಗೆ ಹೋಗೋಕೆ ಹೆದರಿ ಸತ್ತಿದೀನಿ ನಾನು!"

ಕರ್ತವ್ಯನಿಷ್ಠನನ್ನು ನಿಲ್ಲಿಸಿದ ಮೇಲೆ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಅಣ್ಣನ ಪ್ರೋಗ್ರಾಮು ನಿರಪರಾಧಿ ಎಂದು ಸಾಬೀತಾಗಿ, ಮುಖವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮರಳಿತು. ಅದಕ್ಕೂ ವಿನಾಯಿತಿ ಸಿಕ್ಕಿತು; ನಡುಮನೆಯ ಯಂತ್ರ ಮತ್ತೆ ಟಕಟಕ ಎನ್ನತೊಡಗಿತು.

"ಆ ಇನ್ನೊಂದನ್ನ ಅಳಿಸಲಾ ಮೇಡಂ?"

ಯಜಮಾನ ಶೋಕಾಚರಣೆಗೆ ಸಿದ್ಧನಾಗಿ ತಲೆ ತಗ್ಗಿಸಿದ.

"ಬೇಡಮ್ಮ," ಎಂದಳು ಹೆಂಡತಿ. "ಪಾಪ, ಇಷ್ಟು ದಿನ ಆಫೀಸಿನವರಿಗೆ ಒಂದು ಅನುಮಾನವೂ ಬರದ ಹಾಗೆ ದುಡಿದಿದೆ. ಅದೇ ಮುಂದುವರೀಲಿ."

ಅವನ ಮುಖ ಅರಳಿತು. "ನೀನು ದೇವತೆ ಕಣೆ!"

"ನಿಮ್ಮ ಕೆಲಸ ಅದು ನೋಡ್ಕೊಳ್ಳುತ್ತಲ್ಲ, ಇನ್ಮೇಲೆ ಮಧ್ಯಾಹ್ನ ನೀವು ನನ್ನ ಹತ್ರ ಬನ್ನಿ. ದಾರ ಬದಲಾಯಿಸೋಕೆ ಒಬ್ಬರು ಬೇಕಿತ್ತು."

ಅಂದಿನಿಂದ ಕೋಣೆಯ ಖಾಲಿ ಕುರ್ಚಿಯ ಮುಂದೆ ಬಾಣ ಆರಾಮವಾಗಿ ವಿಹರಿಸುತ್ತದೆ. ನಡುಮನೆಯ ಮಣೆಯ ಮೇಲೆ ಯಜಮಾನ ಕೂತಿರುತ್ತಾನೆ. ದಾರದ ತುದಿ ಬಾಯಲ್ಲಿ, ಕಣ್ಣು ಸೂಜಿಯ ತೂತಿನಲ್ಲಿ. ಎರಡು ನಿಮಿಷ ಕೈ ಅಲ್ಲಾಡದಿದ್ದರೆ ಹಿಂದಿನಿಂದ ದನಿ ಬರುತ್ತದೆ:

"ರೀ, ಎಲ್ಲಿದ್ದೀರಿ?"